ಕಂದು ಟೋಪಿಯ ನಾಲ್ಕನೆಯ ಬಾತು

ಬಿಳಿ ಎಂದರೆ ಒಂದೇ ಬಣ್ಣ ಎಂದು ನಂಬಿಕೊಂಡವರು ಇಸ್ತ್ರಿಯಣ್ಣನ ಲಾಂಡ್ರಿಯ ಮೆಟ್ಟಿಲು ಹತ್ತಬಾರದು. ಆಸ್ಪತ್ರೆಯ ಹಾಸಿಗೆಯ ಬಿಳಿ ಬೇರೆ, ಹೋಟೆಲಿನ ದಿಂಬಿನ ಬಿಳಿ ಬೇರೆ, ವಕೀಲರ ಕೊರಳಪಟ್ಟಿಯ ಬಿಳಿಯಂತೂ ಇನ್ನೂ ಬೇರೆ ಎಂದು ಅವನು ಕೌಂಟರಿನ ಮೇಲೆ ಮೊಣಕೈ ಊರಿ ಶುರುಹಚ್ಚಿಕೊಂಡರೆ, ಬಂದ ಗಿರಾಕಿ ತನ್ನ ಅಂಗಿ ಕೈಗೆ ಸಿಕ್ಕರೆ ಸಾಕಪ್ಪಾ ಎಂದು ಕಾಲು ಬದಲಿಸುತ್ತ ನಿಲ್ಲಬೇಕಾಗುತ್ತದೆ. "ರೀ, ಅವರ ಅಂಗಿ ಕೊಟ್ಟು ಕಳಿಸ್ರೀ, ಅವರಿಗೂ ಮನೆ ಮಠ ಇದೆ" ಎಂದು ಹೆಂಡತಿ ಒಳಗಿನಿಂದ ಕೂಗಿದ ಮೇಲೆಯೇ ಆ ಪಾಠ ಮುಗಿಯುವುದು.

ಇಂಥ ಮನುಷ್ಯನಿಗೆ ಬಾತುಕೋಳಿಯ ಹುಚ್ಚು ಹಿಡಿದದ್ದರಲ್ಲಿ ವಿಶೇಷವೇನಿಲ್ಲ, ಇಷ್ಟು ತಡವಾಗಿ ಹಿಡಿಯಿತಲ್ಲ ಎಂಬುದೇ ವಿಶೇಷ. ಮೀಸೆ ನೆರೆಯುವ ಹೊತ್ತಿಗೆ ಅವನ ಸೋದರಮಾವ ಒಂದು ಜೋಡಿ ಬಾತುಗಳನ್ನು ಬುಟ್ಟಿಯಲ್ಲಿ ತಂದು, "ಹಿತ್ತಲಲ್ಲಿ ಅಷ್ಟು ದೊಡ್ಡ ತೊಟ್ಟಿ ಇದೆ, ಈಜ್ಕೊಂಡಿರಲಿ ಬಿಡು" ಎಂದು ಬಿಟ್ಟುಹೋದ. ಅವು ಮೊಟ್ಟೆಗೋ ಮಾಂಸಕ್ಕೋ ಸಾಕುವ ಬಾತುಗಳಲ್ಲ, ನೋಟಕ್ಕೆಂದೇ ಸಾಕುವಂಥವು. ಮೈಯೆಲ್ಲ ಬಿಳಿ. ನೆತ್ತಿಯ ಮೇಲೆ, ಸರಿಯಾಗಿ ಕಣ್ಣಿನ ಮೇಲಂಚಿಗೆ ನಿಲ್ಲುವಂತೆ, ಒಂದು ಕರಿ ಟೋಪಿ. ಬೆನ್ನ ಮೇಲೆ, ಹೆಗಲಿನಿಂದ ಬಾಲದವರೆಗೆ, ಹೃದಯದ ಆಕಾರದ ಒಂದು ಕರಿ ಹೊದಿಕೆ. ಟೋಪಿ ಕಣ್ಣಿನಿಂದ ಕೆಳಗಿಳಿದರೆ ಕೆಟ್ಟಿತು, ನಡುನೆತ್ತಿಯಲ್ಲೇ ನಿಂತುಬಿಟ್ಟರೂ ಕೆಟ್ಟಿತು. ಎದೆಯ ಬಿಳಿಯಲ್ಲಿ ಒಂದೇ ಒಂದು ಕರಿ ಗರಿ ಇಣುಕಿದರೂ ಪ್ರದರ್ಶನದಲ್ಲಿ ಆ ಬಾತಿಗೆ ಮೂರು ಕಾಸಿನ ಮರ್ಯಾದೆ ಇಲ್ಲ. ಎಂಥ ಅಪ್ಪ ಅಮ್ಮನಿಗೂ ಹುಟ್ಟುವ ಮರಿಗಳಲ್ಲಿ ಸರಿಯಾದ ಗುರುತು ಬರುವುದು ಬೆರಳೆಣಿಕೆಯಷ್ಟಕ್ಕೆ ಮಾತ್ರ. ಕರಿ ಎಲ್ಲಿ ನಿಂತು ಬಿಳಿ ಎಲ್ಲಿ ಶುರುವಾಗಬೇಕು ಎಂಬ ಈ ಹಟ ಇಸ್ತ್ರಿಯಣ್ಣನಿಗೆ ಹೊಟ್ಟೆ ತುಂಬ ಊಟ ಬಡಿಸಿದ ಹಾಗಾಯಿತು.

ಒಂದು ವರ್ಷ, ಮೊಟ್ಟೆಯೊಡೆದು ಹೊರಬಂದ ಮರಿಗಳ ನಡುವೆ ಒಂದರ ಟೋಪಿ ಕಪ್ಪಿರಲಿಲ್ಲ. ಅವನು ಕೊಳೆ ಅಂದುಕೊಂಡ. ಲಾಂಡ್ರಿಯವನಲ್ಲವೆ, ಮೊದಲು ಕೈಹಾಕಿದ್ದು ಒದ್ದೆ ಬಟ್ಟೆಗೆ. ಒರೆಸಿದ, ಮತ್ತೆ ಒರೆಸಿದ, ಮರಿ ಕಿರಿಚಿತೇ ಹೊರತು ಕಲೆ ಹೋಗಲಿಲ್ಲ. ಆಮೇಲೆ ಬೆಳಕಿಗೆ ಹಿಡಿದು ನೋಡಿದ. ಹುರಿದ ಕಾಫಿಬೀಜದ ಕಂದು. ಬೆನ್ನೂ ಅದೇ ಕಂದು.

"ಲೇ, ಬಾರೇ ಇಲ್ಲಿ" ಎಂದು ಅವನು ಕೂಗಿದ ಕೂಗಿಗೆ ಹೆಂಡತಿ, ಯಾರೋ ತೊಟ್ಟಿಗೆ ಬಿದ್ದರೆಂದು ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಅಲ್ಲೇ ಬಿಸಾಕಿ ಓಡಿಬಂದಳು.

"ಇದು ಕಲೆಯಲ್ಲ ಕಣೇ. ಬಣ್ಣ. ಇಂಥ ಬಣ್ಣದ ಗುರುತಿರೋದು ಯಾರ ಹತ್ರಾನೂ ಇಲ್ಲ."

"ಅಷ್ಟೇನಾ" ಎಂದು ಅವಳು ಗಂಟು ಎತ್ತಿಕೊಳ್ಳಲು ಹೋದಳು. ಆದರೂ ಬಾಗಿಲ ಹತ್ತಿರ ನಿಂತು ಒಮ್ಮೆ ತಿರುಗಿ ನೋಡಿದಳು. ಚೆನ್ನಾಗಿಯೇ ಇತ್ತು.

ಅಲ್ಲಿಂದ ಶುರುವಾಯಿತು ನೋಡಿ ಪರದಾಟ. ಕಂದು ಹೆಣ್ಣು ಅಪರೂಪಕ್ಕಾದರೂ ತಾನಾಗಿ ಹುಟ್ಟೀತು. ಕಂದು ಗಂಡು ಬೇಕೆಂದರೆ ತಾಯಿಯಿಂದಲೂ ತಂದೆಯಿಂದಲೂ ಆ ಬಣ್ಣ ಇಳಿದು ಬರಬೇಕು. ಗಂಡು ಸಿಕ್ಕಿತು ಎನ್ನುವಷ್ಟರಲ್ಲಿ ಟೋಪಿ ಕಿವಿಯವರೆಗೆ ಇಳಿದಿರುತ್ತಿತ್ತು. ಟೋಪಿ ಸರಿಹೋದರೆ ಬೆನ್ನಿನ ಹೃದಯ ಅರ್ಧಕ್ಕೇ ಹರಿದುಹೋಗಿರುತ್ತಿತ್ತು. ಸಾಲದ್ದಕ್ಕೆ ಈ ಕಂದು ಬಣ್ಣ ಬಿಸಿಲಿಗೆ ಮಾಸುತ್ತದೆ. ಬಟ್ಟೆ ಒಣಗಲು ಬಿಸಿಲು ಬೇಕು, ಬಾತಿಗೆ ನೆರಳು ಬೇಕು, ಇರುವುದು ಒಂದೇ ಹಿತ್ತಲು. ಅವನು ಹೋಟೆಲಿನ ಹಾಸುಬಟ್ಟೆಗಳನ್ನೆಲ್ಲ ಬಾತುಗಳ ಮೇಲೆ ಚಪ್ಪರದಂತೆ ಅಡ್ಡಡ್ಡ ಒಣಹಾಕಿ ಎರಡನ್ನೂ ಒಟ್ಟಿಗೆ ಸಾಧಿಸಿದ. ಹಾಸುಬಟ್ಟೆಗೆ ಅಂಟಿಕೊಂಡ ಗರಿಗಳನ್ನು ಹೆಕ್ಕುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳು ಅವನ ಮೆಚ್ಚಿನ ಹೆಣ್ಣು ಬಾತಿಗೆ ಸವತಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಇದೆಲ್ಲ ಯಾತಕ್ಕೆ ಎಂದರೆ, ಬಾತು ಸಾಕುವವರದೊಂದು ಸಂಘವಿದೆ. ಹೊಸ ಬಣ್ಣ ಹುಟ್ಟಿತು ಎಂದು ಯಾರಾದರೂ ಹೇಳಿದ ಮಾತ್ರಕ್ಕೆ ಅದು ಒಪ್ಪುವುದಿಲ್ಲ. ಮೂರು ವರ್ಷ ಬಿಡದೆ ಪ್ರದರ್ಶನಕ್ಕೆ ತರಬೇಕು. ಪ್ರತಿ ವರ್ಷವೂ ನಾಲ್ಕು ಹಕ್ಕಿ: ಬಲಿತ ಗಂಡು, ಬಲಿತ ಹೆಣ್ಣು, ಆ ವರ್ಷದ ಎಳೆಯ ಗಂಡು, ಎಳೆಯ ಹೆಣ್ಣು. ನಾಲ್ಕರಲ್ಲೂ ಒಂದೇ ಗುರುತು. ಯಾವ ವರ್ಷವಾದರೂ ಒಂದು ಪಂಜರ ಖಾಲಿ ಉಳಿದರೆ ಮತ್ತೆ ಮೊದಲಿನಿಂದ. ಇಸ್ತ್ರಿಯಣ್ಣ ಎರಡು ವರ್ಷ ದಾಟಿದ್ದ. ಇದು ಮೂರನೆಯದು. ಗೆದ್ದರೆ ಕಂದು ಟೋಪಿ ಎಂಬ ಬಣ್ಣ ಈ ಲೋಕದಲ್ಲಿ ಇದೆ ಎಂದಾಗುತ್ತದೆ, ಸೋತರೆ ಅದು ಒಬ್ಬ ಲಾಂಡ್ರಿಯವನ ಹಿತ್ತಲಿನ ಹುಚ್ಚು. ಮೊದಲಿನಿಂದ ಶುರುಮಾಡುವ ವಯಸ್ಸು ಅವನದಾಗಿರಲಿಲ್ಲ. ಬಾತುಗಳದ್ದೂ ಅಲ್ಲ, ಏಕೆಂದರೆ ಈ ಜಾತಿಯ ಟೋಪಿ ವಯಸ್ಸಾದಂತೆ ನಮ್ಮ ನಿಮ್ಮ ತಲೆಯ ಹಾಗೆಯೇ ನೆರೆಯುತ್ತದೆ. ಹಿತ್ತಲಿನ ಹಳೆಯ ಹೆಣ್ಣುಗಳೆಲ್ಲ ನೆರೆತು, ತೋರಿಸುವಂಥದ್ದೆಂದು ಉಳಿದದ್ದು ಸವತಿ ಒಂದೇ.

ಹಾಗಾದರೆ ನಾಲ್ಕಾರು ಮನೆಗೆ ಮರಿ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಬಹುದು. ಕೇಳಿದವರು ಬೇಕಾದಷ್ಟು ಜನ. ಇಸ್ತ್ರಿಯಣ್ಣ ಅಂಗಿ ಬಿಚ್ಚಿ ಕೊಟ್ಟಾನು, ಮೊಟ್ಟೆ ಕೊಡುವವನಲ್ಲ. ಸಂಘದ ಕಾರ್ಯದರ್ಶಿ ಒಮ್ಮೆ ಮನೆಗೇ ಬಂದು ಕೇಳಿದ್ದರು. ಧಾರಾಳವಾಗಿ ಒಂದು ಪೊಟ್ಟಣ ಕಟ್ಟಿಕೊಟ್ಟ. ಅವರು ಮನೆಗೆ ಹೋಗಿ ಬಿಚ್ಚಿದರೆ ಮೊಟ್ಟೆ ಬಿಸಿಬಿಸಿಯಾಗಿದ್ದವು. ಬೇಯಿಸಿ ಕೊಟ್ಟಿದ್ದ, ಮಹಾರಾಯ. ಅಂದಿನಿಂದ ಅವನ ಜಿಪುಣತನ ಸಂಘದ ಸಭೆಗಳಲ್ಲಿ ಟೀಯ ಜೊತೆಗಿನ ಮಾತಾಯಿತು.

ಪ್ರದರ್ಶನದ ಹಿಂದಿನ ದಿನ ಬಾತುಗಳಿಗೆ ಸ್ನಾನ. ಇದನ್ನು ಅವನು ಯಾರಿಗೂ ಬಿಡುವುದಿಲ್ಲ. ಬೆಚ್ಚಗಿನ ನೀರು, ಮೆತ್ತನೆಯ ಸೋಪು, ಕೊನೆಗೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದೇ ಒಂದು ಹನಿ ಬೆರೆಸಿದ ನೀರಿನಲ್ಲಿ ಒಂದು ಮುಳುಗು. ಬಣ್ಣ ಹಚ್ಚಿದ ಹಕ್ಕಿಗೆ ಪ್ರದರ್ಶನದಲ್ಲಿ ಜಾಗವಿಲ್ಲ ಎಂಬ ನಿಯಮವೇನೋ ಇದೆ. ಬಿಳಿ ಬಿಳಿಯಾಗಿ ಕಾಣುವವರೆಗೆ ಅದು ಬಣ್ಣವಲ್ಲ ಎಂಬುದು ಇಸ್ತ್ರಿಯಣ್ಣನ ವಾದ. ಇಂಥ ವಾದಕ್ಕೆ ಏನು ಹೇಳೋಣ. ಹಿಂದಿನ ಎರಡು ವರ್ಷವೂ ಅದು ಬಚಾವಾಗಿತ್ತು.

ಈ ಸಲ ಸವತಿ ಬೆಳಗ್ಗೆ ಹಿತ್ತಲ ಬಾಗಿಲಿಗೆ ಮೈ ಉಜ್ಜಿ, ಅದರ ಕೀಲುಗಳಿಗೆ ಬಿಟ್ಟಿದ್ದ ಎಣ್ಣೆಯನ್ನೆಲ್ಲ ಎದೆಗೆ ಮೆತ್ತಿಕೊಂಡು ಬಂದಿತ್ತು. ಮೆತ್ತನೆಯ ಸೋಪಿಗೆ ಎಣ್ಣೆ ಜಗ್ಗಲಿಲ್ಲ. ಅವನಿಗೆ ರೇಗಿತು. ಕೊರಳಪಟ್ಟಿಯ ಜಿಡ್ಡಿಗೆಂದು ಇಟ್ಟಿದ್ದ ಸೋಡಾಖಾರದ ಸೋಪನ್ನು ತಂದು ತಿಕ್ಕಿದ. ಎಣ್ಣೆಯ ಜೊತೆ, ದೇವರು ಬಾತಿನ ಗರಿಗೆ ಕೊಟ್ಟಿದ್ದ ಸ್ವಂತ ಜಿಡ್ಡೂ ಹೋಯಿತು. ಆ ಜಿಡ್ಡಿದ್ದರೆ ಗರಿಗೆ ನೀರು ಅಂಟುವುದಿಲ್ಲ. ಅದು ಹೋದ ಮೇಲೆ ಗರಿ ಎಂದರೆ ಹತ್ತಿಬಟ್ಟೆ, ಮುಳುಗಿಸಿದ್ದನ್ನೆಲ್ಲ ಕುಡಿಯುತ್ತದೆ. ಇಡೀ ಬೀದಿಯ ಬಟ್ಟೆಯ ಗುಣ ಗೊತ್ತಿದ್ದ ಮನುಷ್ಯ ಇದೊಂದನ್ನು ಮರೆತ. ನೀಲಿನೀರಲ್ಲಿ ಮುಳುಗಿಸಿದ, ಎತ್ತಿದ, ಒದ್ದೆಯಲ್ಲಿ ಏನೂ ಕಾಣಲಿಲ್ಲ. ಬುಟ್ಟಿಯಲ್ಲಿಟ್ಟು ಇಸ್ತ್ರಿಮೇಜಿನ ಪಕ್ಕದ ಬೆಚ್ಚಗಿನ ಜಾಗದಲ್ಲಿ ಒಣಗಲು ಬಿಟ್ಟು, ಉಳಿದ ಮೂರನ್ನು ಎಂದಿನ ಸೋಪಿನಲ್ಲಿ ತೊಳೆದು ಮುಗಿಸಿ ಬಂದು ಮುಚ್ಚಳ ತೆಗೆದ.

ಒಳಗೆ ತಿಳಿ ಆಕಾಶದ ಬಣ್ಣದ ಒಂದು ಬಾತು ಕೂತು ಅವನನ್ನೇ ನೋಡುತ್ತಿತ್ತು.

ಅವನು ಕೂಗಿಕೊಂಡ. ಹೆಂಡತಿ ಬಂದು ನೋಡಿದಳು. ಮೊದಲು ನಗು ಬಂತು, ಗಂಡನ ಮುಖ ನೋಡಿ ನುಂಗಿಕೊಂಡಳು.

"ಹೋಗುತ್ತೆ ಬಿಡ್ರೀ, ನೀಲಿ ತಾನೆ. ಹುಳಿ ಹಾಕಿ ತೊಳೆದ್ರೆ ಆಯ್ತು."

ಸಂಜೆಯವರೆಗೂ ವಿನೆಗರ್ ಬೆರೆಸಿದ ನೀರಿನಲ್ಲಿ ತೊಳೆದರು. ಆಕಾಶದ ನೀಲಿ ಮೋಡದ ನೀಲಿಯಾಯಿತು, ಅಲ್ಲಿಗೆ ನಿಂತಿತು. ತೊಟ್ಟಿಗೆ ಬಿಟ್ಟರೆ ತೇಲಬೇಕಾದ ಬಾತು ಗುಳುಗುಳು ಎಂದು ಕುತ್ತಿಗೆಯವರೆಗೆ ಇಳಿಯಿತು. ಇಸ್ತ್ರಿಯಣ್ಣ ಬಟ್ಟೆ ಸಮೇತ ತೊಟ್ಟಿಗೆ ಇಳಿದು ಎತ್ತಿಕೊಂಡು, ಅದನ್ನು ಎದೆಗೆ ಒತ್ತಿಕೊಂಡು ನೀರಿನಲ್ಲೇ ನಿಂತ. ಅಳು ಬಂದಿತ್ತು. ಅವನು ಮುಚ್ಚಿಡಲೂ ಇಲ್ಲ.

"ಇಷ್ಟು ವರ್ಷದ್ದು ಒಂದೇ ಬಕೀಟಲ್ಲಿ ಹೋಯ್ತಲ್ಲೇ" ಅಂದ.

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಅವಳು ಬಾಯಿ ತೆರೆದು ಮುಚ್ಚುವುದು ಆ ಮನೆಯಲ್ಲಿ ಅಪರೂಪ, ಆದರೆ ಅವನು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಬೆಳಗ್ಗೆ ಪ್ರದರ್ಶನದ ಶೆಡ್ಡಿಗೆ ಕಾಲಿಡುತ್ತಿದ್ದಂತೆ ಕಿವಿ ತುಂಬಿಹೋಯಿತು. ಉದ್ದಕ್ಕೂ ಮೇಜು, ಮೇಜಿನ ಮೇಲೆ ತಂತಿಯ ಪಂಜರ, ಪಂಜರದಲ್ಲಿ ಮರದ ಹೊಟ್ಟು, ಹೊಟ್ಟಿನ ಮೇಲೆ ಒಂದಕ್ಕಿಂತ ಒಂದು ಠೀವಿಯ ಬಾತುಗಳು. ಹೆಣ್ಣುಗಳು ಇಡೀ ಊರಿಗೆ ಕೇಳುವಂತೆ ಜಗಳ ತೆಗೆದಿದ್ದವು, ಗಂಡುಗಳು ನೆಗಡಿಯಾದವರ ಹಾಗೆ ಗೊರಗೊರ ಎನ್ನುತ್ತಿದ್ದವು. ಯಾರೋ ಕೊಕ್ಕು ಒರೆಸುತ್ತಿದ್ದರು, ಯಾರೋ ಕಾಲಿನ ಪೊರೆಗೆ ಎಣ್ಣೆ ಸವರುತ್ತಿದ್ದರು. ಎದುರು ಸಾಲಿನ ಗ್ಯಾರೇಜಿನವನು, ಕರಿ ಟೋಪಿಯ ಬಾತುಗಳ ಯಜಮಾನ, ಬುಟ್ಟಿಯ ಸಂದಿಯಿಂದ ಸವತಿಯನ್ನು ನೋಡಿಬಿಟ್ಟ.

"ಏನಣ್ಣ, ಇನ್ನೊಂದು ಹೊಸ ಬಣ್ಣ ಮಾಡ್ಬಿಟ್ಯಾ?"

ಬೇರೆ ದಿನವಾಗಿದ್ದರೆ ಇಸ್ತ್ರಿಯಣ್ಣ ತಿರುಗಿ ಹತ್ತು ಹೇಳುತ್ತಿದ್ದ. ಇಂದು ಬುಟ್ಟಿಯನ್ನು ಮೇಜಿನ ಕೆಳಗೆ ತಳ್ಳಿದ. ಮೂರು ಪಂಜರ ತುಂಬಿದ. ಬಲಿತ ಗಂಡು, ಎಳೆಯ ಗಂಡು, ಎಳೆಯ ಹೆಣ್ಣು. ಮೂರೂ ಹೊಳೆಯುತ್ತಿದ್ದವು. ನಾಲ್ಕನೆಯದರಲ್ಲಿ ಹೊಟ್ಟು ಮಾತ್ರ ಇತ್ತು. ಶೆಡ್ಡಿನ ಆ ತುದಿಯಲ್ಲಿ ತೀರ್ಪುಗಾರರು ತಮ್ಮ ಬೆತ್ತ ಹಿಡಿದು ಹೊರಟಾಗಿತ್ತು. ಅವರು ಅವನ ಮೇಜಿಗೆ ಬಂದು ಮುಟ್ಟುವವರೆಗೆ ಪಂಜರಕ್ಕೆ ಹಕ್ಕಿ ಹಾಕಲು ಅವಕಾಶ, ಮುಟ್ಟಿದ ಮೇಲೆ ಇಲ್ಲ. ಅವನು ಪಕ್ಕಕ್ಕೆ ತಿರುಗಿದರೆ ಹೆಂಡತಿಯೂ ಇಲ್ಲ. ಇವಳೂ ಕೈಕೊಟ್ಟಳಲ್ಲ ಅಂದುಕೊಂಡ.

ತೀರ್ಪುಗಾರರು ಇನ್ನೊಂದೇ ಮೇಜಿನಷ್ಟು ದೂರವಿದ್ದಾಗ ಅವಳು ಜನರ ನಡುವೆ ನುಗ್ಗಿಕೊಂಡು ಬಂದಳು. ಹಿಂದೆ ಬೇಕರಿಯಕ್ಕ, ಅವರ ಲಾಂಡ್ರಿಯ ಎದುರು ಬದಿಯ ಬೇಕರಿಯವಳು. ಅಂಗಡಿಯನ್ನು ಅರ್ಧಕ್ಕೇ ಬಿಟ್ಟು ಬಂದಿರಬೇಕು, ಮೊಣಕೈವರೆಗೆ ಮೈದಾ. ಅವಳ ಕಂಕುಳಲ್ಲಿ ಒಂದು ಬಾತು.

ಇಸ್ತ್ರಿಯಣ್ಣ ಮೊದಲು ನೋಡಿದ್ದು ಟೋಪಿಯನ್ನು. ಕಣ್ಣಿನ ಮೇಲಂಚಿಗೆ ಗೆರೆ ಎಳೆದ ಹಾಗೆ ನಿಂತಿದೆ. ಹುರಿದ ಕಾಫಿಬೀಜದ ಕಂದು. ಬೆನ್ನು ನೋಡಿದ. ಹೃದಯ ಎಲ್ಲೂ ಹರಿದಿಲ್ಲ, ಎಲ್ಲೂ ಸೋರಿಲ್ಲ. ಬಿಸಿಲನ್ನೇ ಕಾಣದ ಗಾಢ ಬಣ್ಣ. ಇಷ್ಟು ವರ್ಷ ಅವನು ಕಣ್ಣು ಮುಚ್ಚಿಕೊಂಡು ಕಾಣುತ್ತಿದ್ದ ಬಾತು ಕಣ್ಣು ಬಿಟ್ಟುಕೊಂಡಿರುವಾಗ ಎದುರಿಗಿತ್ತು. ಅವನಿಗೆ ಸಿಟ್ಟು ನೆತ್ತಿಗೇರಿತು.

"ಇದು ನಂದು. ಎಲ್ಲಿಂದ ಕದ್ರಿ?"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ" ಅಂದಳು ಬೇಕರಿಯಕ್ಕ. "ಕೇಕಿಗೆ ಅಂತ ಕೊಟ್ಟ ಮೊಟ್ಟೆ ಇದು."

"ನಾನು ಬೇಯಿಸ್ದೆ ಯಾರಿಗೂ ಕೊಡಲ್ಲ."

"ನಾನು ಕೊಟ್ಟೆ" ಅಂದಳು ಹೆಂಡತಿ. "ನೀವು ಆಕಾರ ಸರಿಯಿಲ್ಲ, ಉದ್ದ ಆಯ್ತು ಅಂತ ಅಡುಗೆಮನೆ ಬುಟ್ಟಿಗೆ ಎಸೀತಿದ್ರಲ್ಲ, ಅದು. ಬೇಯಿಸಿದ ಮೊಟ್ಟೇಲಿ ಕೇಕ್ ಹೇಗ್ರೀ ಮಾಡ್ತಾರೆ? ಹೋದ ವರ್ಷ ಅಕ್ಕನ ಕೋಳಿ ಕಾವಿಗೆ ಕೂತಿತ್ತು. ಒಂದನ್ನ ಅದರ ಹೊಟ್ಟೆ ಕೆಳಗೆ ಇಟ್ಲು. ಬಂದಿದ್ದು ಇವಳು. ಒಲೆ ಹಿಂದಿನ ಶೆಡ್ಡಲ್ಲೇ ಬೆಳೆದಳು. ಬನ್ನು ಅಂತ ಹೆಸರು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಬೀದಿ ದಾಟಿ ಹೋಗಿ ಕಿತ್ಕೊಂಡು ಬರ್ತಿದ್ರಿ."

ಅದು ನಿಜವೆಂದು ಅವನಿಗೂ ಗೊತ್ತಿತ್ತು. ಬೇಕರಿಯಕ್ಕ ಬಾತಿನ ಬೆನ್ನು ಸವರುತ್ತ, ಅವನ ಕಡೆ ನೋಡದೆ ಹೇಳಿದಳು. "ಪಂಜರಕ್ಕೆ ಹಾಕ್ತೀನಿ. ಆದ್ರೆ ನನ್ನ ಬಾತು ಅಂತಲೇ ಹಾಕ್ತೀನಿ. ಸಂಜೆ ನನ್ನ ಜೊತೇಲೇ ವಾಪಸ್ ಬರುತ್ತೆ. ಒಪ್ಪಿಗೆ ಇದ್ರೆ ಹೇಳಿ, ಬ್ರೆಡ್ಡು ಒಲೆಯಲ್ಲಿದೆ."

ಈ ಬಣ್ಣ ತನ್ನದು, ತನ್ನೊಬ್ಬನದು ಎಂದು ಇಸ್ತ್ರಿಯಣ್ಣ ಎಷ್ಟು ವರ್ಷದಿಂದ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದ. ಈಗ ಬೀದಿಯಾಚೆಯ ಬೇಕರಿಯವಳ ಬಾತು ಪಕ್ಕದಲ್ಲಿ ನಿಲ್ಲದೆ ಅದು ಬಣ್ಣವೇ ಆಗುವುದಿಲ್ಲ. ಹೊಟ್ಟೆಕಿಚ್ಚಿಗೆ ಎದೆ ಉರಿಯಿತು. ಆದರೂ ಅವನ ಕಣ್ಣು ಮಾತ್ರ ಆ ಟೋಪಿಯ ಅಂಚನ್ನು ಬಿಟ್ಟು ಕದಲಲಿಲ್ಲ. ಎಂಥ ಅಂಚು. ಅಂಥದ್ದನ್ನು ನೋಡಿಯೂ ಬೇಡ ಎನ್ನಲು ಅವನಿಂದ ಆಗಲಿಲ್ಲ. ತಾನೇ ನಾಲ್ಕನೆಯ ಪಂಜರದ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಂತ.

"ಹಾಕಿ" ಅಂದ. "ಕಾಲಿಗೆ ಮೈದಾ ಮೆತ್ಕೊಂಡಿದೆ, ಸ್ವಲ್ಪ ಒರೆಸಿ."

ಬೇಕರಿಯಕ್ಕ ಬಾತನ್ನು ಒಳಗೆ ಬಿಟ್ಟು, ಪಂಜರದ ಚೀಟಿಯಲ್ಲಿ ತನ್ನ ಹೆಸರು ಬರೆದಳು. ತೀರ್ಪುಗಾರರು ಬಂದರು. ಅವರೊಬ್ಬ ಉದ್ದನೆಯ, ಮಾತು ಕಡಿಮೆಯ ಮುದುಕ. ಬಲಿತ ಗಂಡನ್ನು ಎತ್ತಿ, ಗರಿಗಳನ್ನು ಬಾಯಿಂದ ಊದಿ ಬುಡ ನೋಡಿದರು. ಇಳಿಸಿದರು. ಎಳೆಯ ಹೆಣ್ಣು ನೋಡಿದರು. ಎಳೆಯ ಗಂಡಿನ ಟೋಪಿಯ ಹತ್ತಿರ ಬಹಳ ಹೊತ್ತು ನಿಂತರು. ಅದನ್ನೂ ಇಳಿಸಿದರು. ನಾಲ್ಕನೆಯ ಪಂಜರದ ಮುಂದೆ ಅವರ ಬೆತ್ತ ನಿಂತಿತು.

"ಇದು ನಿಮ್ಮ ಮನೇದಲ್ಲ. ಚೀಟಿಯಲ್ಲಿ ಬೇರೆ ಮನೆ ಇದೆ."

"ಹೌದು" ಅಂದ ಇಸ್ತ್ರಿಯಣ್ಣ. "ತಳಿ ನಂದು. ಬೆಳೆಸಿದ್ದು ಇವರು. ಹಾಗೆ ಆಗುತ್ತಾ ಇಲ್ವಾ ಹೇಳಿಬಿಡಿ ಸ್ವಾಮಿ, ಇನ್ನು ತಡೆಯೋಕೆ ಆಗಲ್ಲ."

ಮುದುಕ ಬನ್ನುವನ್ನು ಎತ್ತಿದರು. ಊದಿದರು. ರೆಕ್ಕೆ ಬಿಡಿಸಿದರು, ತಿರುಗಿಸಿ ಎದೆ ನೋಡಿದರು, ಮತ್ತೆ ಟೋಪಿ ನೋಡಿದರು. ಇಡೀ ಸಾಲು ತುದಿಗಾಲಲ್ಲಿ ನಿಂತಿತ್ತು. ಎದುರು ಸಾಲಿನ ಗ್ಯಾರೇಜಿನವನೂ ಹಲ್ಲು ಕಿಸಿಯುವುದನ್ನು ಮರೆತಿದ್ದ.

"ಒಬ್ಬರ ಹಿತ್ತಲಲ್ಲೇ ಮೂರು ವರ್ಷ ಬಂದ್ರೆ ಅದು ಅದೃಷ್ಟವೂ ಇರಬಹುದು" ಅಂದರು ಅವರು. "ಇನ್ನೊಬ್ಬರ ಕೈಯಲ್ಲೂ ಹೀಗೇ ಬಂತು ಅಂದ್ರೆ ಅದು ಬಣ್ಣ. ಒಪ್ಪಿದೆ. ನಾಲ್ಕರಲ್ಲಿ ಚೆಂದದ್ದು ಇದು."

ಅವರು ತೋರಿಸಿದ್ದು ಬನ್ನುವನ್ನು. ಬೇಕರಿಯಕ್ಕನ ಹಿಟ್ಟಿನ ಕೈ ಬಾಯಿಗೆ ಹೋಯಿತು, ಮೂಗೆಲ್ಲ ಬಿಳಿಯಾಯಿತು. ಇಸ್ತ್ರಿಯಣ್ಣನ ಹೆಂಡತಿ, ಮದುವೆಯಾದಾಗಿನಿಂದ ನಾಲ್ಕು ಜನರೆದುರು ಗಂಡನ ಕೈ ಹಿಡಿದವಳಲ್ಲ, ಹಿಡಿದುಬಿಟ್ಟಳು. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿಯಲಿಲ್ಲ. ಮೇಜಿನ ಕೆಳಗಿಂದ ಬುಟ್ಟಿಯನ್ನು ಎಳೆದು, ಮುಚ್ಚಳ ತೆಗೆದು, ನೀಲಿ ಸವತಿಯನ್ನು ಎಲ್ಲರ ಎದುರೇ ಎತ್ತಿಕೊಂಡ. "ಒಪ್ಪಿದ್ರು ಕಣೇ" ಎಂದು ಅದಕ್ಕೂ ಹೇಳಿದ. ಶೆಡ್ಡಿನಲ್ಲಿ ಎದ್ದ ನಗುವಿಗೆ ಬಾತುಗಳೆಲ್ಲ ಸೇರಿ ಇನ್ನಷ್ಟು ಗದ್ದಲ ಎಬ್ಬಿಸಿದವು.

ಮನೆಗೆ ಬಂದ ಮೇಲೆ ಅವನು ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಸಿಟ್ಟೇನೂ ಅಲ್ಲ, ಹೆದರಿಕೆ. ಇಡೀ ಬಣ್ಣ ಒಂದು ಹಿತ್ತಲಿನಲ್ಲಿ, ಒಬ್ಬನ ಕೈಯಲ್ಲಿ, ಒಂದು ಬಕೀಟು ನೀಲಿಯ ಹತ್ತಿರ ಇತ್ತಲ್ಲ ಎಂಬ ಹೆದರಿಕೆ ಎಲ್ಲ ಮುಗಿದ ಮೇಲೆ ಈಗ ಹಿಡಿದಿತ್ತು. ಮೂರನೆಯ ದಿನ ಎಳೆಯ ಗಂಡನ್ನು, ತೀರ್ಪುಗಾರರು ಬಹಳ ಹೊತ್ತು ನೋಡಿದ್ದ ಅದೇ ಗಂಡನ್ನು, ಬುಟ್ಟಿಯಲ್ಲಿ ಹಾಕಿಕೊಂಡು ಬೀದಿ ದಾಟಿದ.

"ಬನ್ನುಗೆ ಜೊತೆ" ಎಂದು ಬೇಕರಿಯಕ್ಕನ ಮುಂದೆ ಇಟ್ಟ. "ನೆರಳಲ್ಲೇ ಇರ್ಬೇಕು. ಬ್ರೆಡ್ಡು ಹಾಕ್ಬೇಡಿ, ಸೊಪ್ಪು ಹಾಕಿ. ಖಾರದ ಸೋಪು ಮುಟ್ಟಿಸ್ಲೇಬೇಡಿ. ರಾತ್ರಿ ಬಾಗಿಲು…"

"ಯಾವಾಗ ವಾಪಸ್ ಕೊಡ್ಲಿ?"

"ಕೊಡೋದು ಬೇಡ" ಎಂದು ಹೇಳಿ, ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದವನಂತೆ ಖಾಲಿ ಬುಟ್ಟಿ ಹಿಡಿದು ಬಂದ.

ಮುಂದಿನ ಸಲ ಮೊಟ್ಟೆಯಿಡುವ ಕಾಲ ಬಂದಾಗ ಅವನು ಬೇಕರಿಯ ಹಿಂದಿನ ಶೆಡ್ಡಿಗೆ ಹೋಗಲಿಲ್ಲ. ಹೋದರೆ ಸಲಹೆ ಕೊಟ್ಟೇ ಸಾಯಿಸುತ್ತೀರಿ ಎಂದು ಹೆಂಡತಿ ತಡೆದಿದ್ದಳು. ಅವನು ಇಸ್ತ್ರಿಮೇಜಿನ ಹಿಂದೆ ನಿಂತು, ಕೈ ಅಂಗಿಯ ಮೇಲೆ, ಕಣ್ಣು ಎದುರು ಅಂಗಡಿಯ ಮೇಲೆ ಇಟ್ಟು ದಿನ ಕಳೆದ. ಒಂದು ಬೆಳಗ್ಗೆ ಬೇಕರಿಯಕ್ಕ ಬಾಗಿಲಿಗೆ ಬಂದು, ಏನೂ ಹೇಳದೆ, ಎರಡು ಕೈಯಿಂದಲೂ ಬಾ ಎಂದು ಸನ್ನೆ ಮಾಡಿದಳು. ಅವನು ಓಡಿದ. ಬಂಡಿಗೆ ಅಡ್ಡ ಬಂದು ಬೈಸಿಕೊಂಡು ಓಡಿದ.

ಹಿಟ್ಟಿನ ಚೀಲ ಹಾಸಿದ ಪೆಟ್ಟಿಗೆಯಲ್ಲಿ ಒದ್ದೆ ಮರಿಗಳು ಒಂದರ ಮೇಲೊಂದು ಬೀಳುತ್ತಿದ್ದವು. ಕಂದು, ಕಂದು, ಎಲ್ಲವೂ ಕಂದು. ಒಂದರ ಟೋಪಿ ಕಿವಿಗಿಳಿದಿತ್ತು, ಒಂದರದ್ದು ನೆತ್ತಿಯಲ್ಲೇ ನಿಂತಿತ್ತು, ಮೂಲೆಯ ಒಂದರದ್ದು ಮಾತ್ರ ಸರಿಯಾಗಿ ಕಣ್ಣಿನ ಮೇಲಂಚಿಗೆ. ಅವನು ಅದನ್ನು ಮುಟ್ಟಲಿಲ್ಲ. ಮಂಡಿಯೂರಿ ಪೆಟ್ಟಿಗೆಯ ಅಂಚು ಹಿಡಿದು ಕೂತುಬಿಟ್ಟ. ತನ್ನ ಹಿತ್ತಲಲ್ಲಿ ಹುಟ್ಟದ, ತನ್ನ ಕೈ ತಾಕದ ಮರಿಗಳಿಗಾಗಿ ಇಷ್ಟು ಸಂತೋಷ ಪಡಬಹುದೆಂದು ಅವನಿಗೆ ಗೊತ್ತಿರಲಿಲ್ಲ.

"ರೀ" ಎಂದು ಬೀದಿಯಾಚೆಯಿಂದ ಹೆಂಡತಿ ಕೂಗಿದಳು. "ಇಸ್ತ್ರಿ ವಕೀಲರ ಅಂಗಿ ಮೇಲೇ ಬಿಟ್ಟು ಹೋಗಿದ್ದೀರಿ. ಹೊಗೆ ಬರ್ತಿದೆ."

"ಸುಟ್ರೆ ಸುಡಲಿ" ಎಂದು ಅವನು ಅಲ್ಲಿಂದಲೇ ಕೂಗಿದ. "ನೀನು ಮೊದಲು ಇಲ್ಲಿಗೆ ಬಾ."